ಪುಸ್ತಕ ಓದುವಾಗ ಬರೆದವರ ಬದುಕೂ ಗೊತ್ತಿರಬೇಕಾ?

ಹಳೇ ಪುಟ

ಗಳಗನಾಥರ 'ಮಾಧವ ಕರುಣಾವಿಲಾಸ' ಓದಿ ಮುಗಿಸಿದೆ. ನಮ್ಮದು ಹಾವೇರಿ ಕಡೆ. ನಮ್ಮಲ್ಲಿ ಅವರ ಹೆಸರು ಕೇಳದವರಿಲ್ಲ, ಅವರನ್ನು ಓದಿದವರು ಹುಡುಕಿದರೂ ಸಿಗಲ್ಲ. ನಾನೂ ಇಷ್ಟು ವರ್ಷ ಆ ಸಾಲಿನಲ್ಲೇ ಇದ್ದೆ.

ವಿದ್ಯಾರಣ್ಯರು, ವಿಜಯನಗರ ಕಟ್ಟಿದ ಕಾಲ, ಅದರ ಕತೆ. ಹಳೇ ಧಾಟಿಯ ಗದ್ಯ. ಶುರುವಿನಲ್ಲಿ ಸ್ವಲ್ಪ ಏದುಸಿರು ಬಂತು. ಕತೆ ಓಡುತ್ತಿರುವಾಗಲೇ ಲೇಖಕರು ನಿಲ್ಲಿಸಿ ವಾಚಕರನ್ನು ಕರೆದು ಬುದ್ಧಿ ಹೇಳುತ್ತಾರೆ. ನನಗೆ ಮೊದಲು ಕಿರಿಕಿರಿ. 'ಸ್ವಾಮಿ, ಕತೆ ಹೇಳಿ, ಪಾಠ ಆಮೇಲೆ' ಅನ್ನಿಸುತ್ತಿತ್ತು.

ಆಮೇಲೆ ಅವರ ಜೀವನದ ಬಗ್ಗೆ ಒಂದಿಷ್ಟು ಓದಿದೆ. ವೆಂಕಟೇಶ ತಿರಕೋ ಕುಲಕರ್ಣಿ, 1869ರಲ್ಲಿ ಹುಟ್ಟಿದವರು. ಶಾಲೆ ಮಾಸ್ತರಿಕೆ ಮಾಡಿದವರು, 'ಸದ್ಬೋಧ ಚಂದ್ರಿಕೆ' ಪತ್ರಿಕೆ ನಡೆಸಿದವರು. ಪುಸ್ತಕ ಅಚ್ಚು ಹಾಕಿಸಿ, ಗಂಟು ಕಟ್ಟಿ, ತಲೆ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಇದು ಎಲ್ಲರಿಗೂ ಗೊತ್ತಿರುವ ಸಂಗತಿಯೇ, ಭಾಷಣದಲ್ಲಿ ಕೇಳಿ ಕೇಳಿ ಸವೆದು ಹೋಗಿದೆ. ಆದರೆ ಅದು ತಲೆಯಲ್ಲಿ ಕೂತ ಮೇಲೆ ಅದೇ 'ವಾಚಕರೇ' ನನಗೆ ಬೇರೆ ಥರ ಕೇಳಿಸಿತು. ಈ ಮನುಷ್ಯ ತನ್ನ ವಾಚಕರ ಮುಖ ನೋಡಿದ್ದಾನೆ. ಅವರ ಕಟ್ಟೆ ಮೇಲೆ ಕೂತು ನೀರು ಕುಡಿದಿದ್ದಾನೆ. 'ಈಗ ರೊಕ್ಕ ಇಲ್ರೀ, ಸುಗ್ಗಿ ಆದ್ಮ್ಯಾಗ ಬರ್ರಿ' ಅಂತ ಅನ್ನಿಸಿಕೊಂಡೂ ಇರಬೇಕು. ಅಂಥವನು ಪುಸ್ತಕದೊಳಗೂ ಓದುಗರ ಜೊತೆ ಮಾತಿಗೆ ನಿಂತರೆ ಆಶ್ಚರ್ಯ ಏನಿದೆ?

ಅದಕ್ಕೇ ಕೇಳುತ್ತಿದ್ದೇನೆ. ಲೇಖಕರ ಬದುಕು ಗೊತ್ತಾದ ಮೇಲೆ ನಿಮ್ಮ ಓದಿನ ಖುಷಿ ಜಾಸ್ತಿ ಆಗಿದ್ದುಂಟಾ? ಕಮ್ಮಿ ಆಗಿದ್ದುಂಟಾ? ಉದಾಹರಣೆ ಸಮೇತ ಹೇಳಿ.

ನಿರ್ಮೋಹಿ

ನಾನು ಎದುರು ಪಾರ್ಟಿ. ಬರೆದವರ ಬದುಕು ನನಗೆ ಬೇಡ.

ಕಾರಣ ಹೇಳುತ್ತೇನೆ. ಲೇಖಕ ಬಡವನಾಗಿದ್ದ, ಕಾಯಿಲೆ ಬಿದ್ದಿದ್ದ, ತಲೆ ಮೇಲೆ ಪುಸ್ತಕ ಹೊತ್ತಿದ್ದ ಅಂದ ಕೂಡಲೇ ಕನಿಕರ ಬರುತ್ತದೆ. ಕನಿಕರದಿಂದ ಓದಿದ್ದು ಓದಲ್ಲ, ಧರ್ಮಕಾರ್ಯ. ಪುಸ್ತಕ ಚೆನ್ನಾಗಿಲ್ಲ ಅಂತ ಹೇಳುವ ಧೈರ್ಯವೂ ಹೋಗುತ್ತದೆ.

ಇನ್ನೊಂದು. ಜಿ.ಪಿ. ರಾಜರತ್ನಂ 'ರತ್ನನ ಪದಗಳು' ಬರೆದರು. ಕನ್ನಡದಲ್ಲಿ ಅದಕ್ಕಿಂತ ಚೆಂದದ ಕುಡುಕ ಇನ್ನೊಬ್ಬ ಇಲ್ಲ. ಬರೆದವರು ಹೆಂಡ ಮುಟ್ಟದ ಕನ್ನಡ ಮೇಷ್ಟ್ರು, ಬೌದ್ಧ ಸಾಹಿತ್ಯಕ್ಕಾಗಿ ಪಾಲಿ ಕಲಿತವರು, ಮಕ್ಕಳಿಗೆ ನಾಯಿಮರಿ ಪದ್ಯ ಬರೆದುಕೊಟ್ಟವರು. ಅವರ ಬದುಕು ಇಟ್ಟುಕೊಂಡು ಹೊರಟರೆ ಯೆಂಡ್ಕುಡ್ಕ ರತ್ನ ಎಲ್ಲಿ ಸಿಗುತ್ತಾನೆ? ಎಲ್ಲೂ ಸಿಗಲ್ಲ. ಪದಗಳಲ್ಲಿ ಮಾತ್ರ ಸಿಗುತ್ತಾನೆ.

ಅಟ್ಟದ ಮಂದಿ

ನಿರ್ಮೋಹಿ ಅವರ, ನಮಸ್ಕಾರ್ರೀ. ನಿಮ್ಮ ಮಾತು ಅರ್ಧ ಒಪ್ಪಿದೆ. ಉಳಿದರ್ಧಕ್ಕೆ ಬೇಂದ್ರೆಯವರನ್ನು ಕರೆದುಕೊಂಡು ಬರುತ್ತೇನೆ.

'ನೀ ಹೀಂಗ ನೋಡಬ್ಯಾಡ ನನ್ನ'. ಈ ಹಾಡನ್ನು ನಾನು ಹುಡುಗನಾಗಿದ್ದಾಗಿನಿಂದ ಕೇಳಿದ್ದೇನೆ. ಪ್ರೇಮಗೀತೆ ಅಂತ ತಿಳಿದಿದ್ದೆ. ಮದುವೆ ಮನೆಯಲ್ಲೂ ಹಾಡಿದ್ದು ಕೇಳಿದ್ದೇನೆ, ನಂಬುತ್ತೀರೋ ಇಲ್ಲೋ. ಕಾಲೇಜಿನಲ್ಲಿ ನಮ್ಮ ಸರ್ ಒಬ್ಬರು ಕ್ಲಾಸಿನಲ್ಲಿ ಹೇಳಿದರು: ಕೂಸು ಕೈಬಿಟ್ಟು ಹೋಗುವ ಹೊತ್ತಿನಲ್ಲಿ ಹೆಂಡತಿ ಗಂಡನ ಮುಖ ನೋಡುತ್ತಿದ್ದಾಳೆ, ಆ ನೋಟ ತಾಳಲಾರದೆ ಗಂಡ ಆಡುವ ಮಾತು ಇದು. ಬೇಂದ್ರೆಯವರು ಒಂದಲ್ಲ, ಹಲವು ಮಕ್ಕಳನ್ನು ಕಳೆದುಕೊಂಡವರು. ಅವತ್ತಿನಿಂದ ಆ ಹಾಡನ್ನು ಸುಮ್ನೆ ಗುನುಗಲಿಕ್ಕೆ ನನಗೆ ಆಗಿಲ್ಲ.

ಇದು ಕನಿಕರ ಅಲ್ಲರೀ. ಶಬ್ದಗಳೆಲ್ಲಾ ಮೊದಲೇ ಇದ್ದವು. ನನಗೆ ಕಾಣುತ್ತಿರಲಿಲ್ಲ.

ಇನ್ನೊಂದು ಸಂಗತಿ. 'ನರಬಲಿ' ಕವಿತೆಗಾಗಿ ಅವರನ್ನು ಹಿಂಡಲಗಾ ಜೈಲಿಗೆ ಹಾಕಿದರು, ಆಮೇಲೆ ಧಾರವಾಡದ ಹತ್ತಿರ ಮುಗದದಲ್ಲಿ ನಜರಬಂದಿ. ನೌಕರಿಯೂ ಹೋಯಿತು. 1944ರಲ್ಲಿ ಸೊಲ್ಲಾಪುರದ ಕಾಲೇಜು ಸೇರುವ ತನಕ ಗಟ್ಟಿ ಕೆಲಸ ಅಂತ ಇರಲಿಲ್ಲ. ನಡುವೆ ಮಾಸ್ತಿಯವರ 'ಜೀವನ' ಪತ್ರಿಕೆ ನೋಡಿಕೊಂಡರು. ಆ ಕಾಲದ ಪದ್ಯಗಳಲ್ಲಿ ಎಷ್ಟು ನಗು, ಎಷ್ಟು ಕುಣಿತ ಇದೆ ನೋಡಿ! ಬದುಕು ಗೊತ್ತಿದ್ದರೆ ಆ ಕುಣಿತಕ್ಕೆ ಬೆಲೆ ಜಾಸ್ತಿ. ನನ್ನ ಮಟ್ಟಿಗೆ.

ನಿರ್ಮೋಹಿ

ಬೇಂದ್ರೆ ವಿಷಯ ಒಪ್ಪಿದೆ. ಆದರೆ ನೋಡಿ, ಆ ಸಂಗತಿ ನಿಮ್ಮನ್ನು ಮತ್ತೆ ಪದ್ಯಕ್ಕೆ ಕರೆದುಕೊಂಡು ಬಂತು. ಬಹಳ ಜನಕ್ಕೆ ಹಾಗಾಗಲ್ಲ. ಬದುಕಿನ ಕತೆ ಕೇಳಿ ಅಲ್ಲೇ ಕೂತುಬಿಡುತ್ತಾರೆ. ಡಿವಿಜಿಯವರು 1 ಲಕ್ಷ ರೂಪಾಯಿ ನಿಧಿಯನ್ನು ಗೋಖಲೆ ಸಂಸ್ಥೆಗೆ ಕೊಟ್ಟರು ಅಂತ ಎಲ್ಲರೂ ಫಾರ್ವರ್ಡ್ ಮಾಡುತ್ತಾರೆ. 'ಜ್ಞಾಪಕ ಚಿತ್ರಶಾಲೆ' ತೆಗೆದು ನೋಡಿದ್ದೀರಾ ಅಂತ ಕೇಳಿ, ಫೋನ್ ಸೈಲೆಂಟ್.

ಕರಾವಳಿ ಕಾಗದ

ಹಹ್ಹಾ, ಅದು ನಿಜ ಮಾರಾಯ್ರೆ.

ನಮ್ಮ ಉಡುಪಿ ಕಡೆಯ ಒಂದು ಕೇಸ್ ಹೇಳುತ್ತೇನೆ, ನಿಮ್ಮಿಬ್ಬರ ವಾದಕ್ಕೂ ಆಗುತ್ತದೆ. ಮುದ್ದಣ. ಹೆಸರು ನಂದಳಿಕೆ ಲಕ್ಷ್ಮೀನಾರಾಯಣ. ಉಡುಪಿಯಲ್ಲಿ ವ್ಯಾಯಾಮ ಶಿಕ್ಷಕ. ಅಂದರೆ ನಮ್ಮ ಡ್ರಿಲ್ ಮಾಷ್ಟ್ರು. ಬೆಳಿಗ್ಗೆ ಮಕ್ಕಳಿಗೆ ಕೈ ಮೇಲೆ, ಕೈ ಕೆಳಗೆ ಮಾಡಿಸುವುದು, ಉಳಿದ ಹೊತ್ತಿನಲ್ಲಿ ಹಳಗನ್ನಡ. ಬರೆದದ್ದನ್ನು ತನ್ನದು ಅಂತ ಹೇಳಿಕೊಳ್ಳಲೇ ಇಲ್ಲ ಪುಣ್ಯಾತ್ಮ. ಯಾವುದೋ ಹಳೇ ಕವಿಯ ಗ್ರಂಥ ಸಿಕ್ಕಿದ ಹಾಗೆ ಮೈಸೂರಿನ ಕಡೆಗೆ ಕಳಿಸಿದರು. ಅವರೂ ಅಚ್ಚು ಹಾಕಿದರು. ಕ್ಷಯ ಬಂದು 1901ರಲ್ಲಿ ತೀರಿಕೊಂಡಾಗ 31 ವರ್ಷ. ಬರೆದವರು ಇವರೇ ಅಂತ ಲೋಕಕ್ಕೆ ಸರಿಯಾಗಿ ಗೊತ್ತಾದದ್ದು ಆಮೇಲೆ.

ಈಗ 'ರಾಮಾಶ್ವಮೇಧ'ದಲ್ಲಿ ಏನಿದೆ ನೋಡಿ. ಮಳೆಗಾಲ. ಕವಿ ಅರಮನೆಯಿಂದ ಮನೆಗೆ ಬರುತ್ತಾನೆ. ಹೆಂಡತಿ ಮನೋರಮೆ ಉಪಚಾರ ಮಾಡಿ, ಹೊತ್ತು ಹೋಗುವುದಿಲ್ಲ, ಒಂದು ಕತೆ ಹೇಳು ಅನ್ನುತ್ತಾಳೆ. ಪದ್ಯದಲ್ಲೋ ಗದ್ಯದಲ್ಲೋ ಅಂದರೆ 'ಪದ್ಯಂ ವಧ್ಯಂ, ಗದ್ಯಂ ಹೃದ್ಯಂ' ಅಂತ ತೀರ್ಪು. ಇವನು ದೊಡ್ಡ ದೊಡ್ಡ ಸಂಸ್ಕೃತ ಶುರು ಮಾಡಿದರೆ, ನೀರೇ ಇಳಿಯದ ಗಂಟಲಿಗೆ ಕಡುಬು ತುರುಕಿದ ಹಾಗಾಯಿತು ಅಂತ ಅಲ್ಲೇ ಬ್ರೇಕ್ ಹಾಕುತ್ತಾಳೆ. ಶಾಲೆಯಲ್ಲಿ ಇದನ್ನು ಪಾಠ ಅಂತ ಓದಿ ನಕ್ಕಿದ್ದೆ, ಅಷ್ಟೆ.

ಡ್ರಿಲ್ ಮಾಷ್ಟ್ರು ಅಂತ ಗೊತ್ತಾದ ಮೇಲೆ ಆ 'ಅರಮನೆ' ಅನ್ನುವ ಜಾಗದಲ್ಲಿ ನಾನು ನಿಂತುಬಿಟ್ಟೆ. ಎಂಥ ಅರಮನೆ? ಯಾವ ರಾಜ? ಶಾಲೆಯಿಂದ ಒದ್ದೆಯಾಗಿ ಮನೆಗೆ ಬಂದ ಮನುಷ್ಯ ತನಗೊಂದು ಆಸ್ಥಾನ ಕಟ್ಟಿಕೊಂಡಿದ್ದಾನೆ. ತಾನು ಬರೆದ ಕಷ್ಟದ ಭಾಷೆಗೆ ಹೆಂಡತಿಯ ಬಾಯಲ್ಲಿ ತಾನೇ ಬೈಸಿಕೊಂಡಿದ್ದಾನೆ. ಎಷ್ಟು ತಮಾಷೆ ಇದ್ದಿರಬೇಕು ಆ ಜನ!

ಹಳೇ ಪುಟ

ಕಾಗದ ಅವರೇ, ಇದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಇವತ್ತೇ ತೆಗೆದು ಓದುತ್ತೇನೆ.

ಚಾಮುಂಡಿಪುರಂ ಅಕ್ಕ

ನಮ್ಮ ಮನೆಯಲ್ಲಿ ಓದು ಅಂದರೆ ಧಾರಾವಾಹಿ. ಅಮ್ಮ ವಾರಪತ್ರಿಕೆಯಿಂದ ಧಾರಾವಾಹಿಯ ಹಾಳೆ ಕತ್ತರಿಸಿ, ಕೊನೇ ಕಂತು ಬಂದ ಮೇಲೆ ದಬ್ಬಣದಲ್ಲಿ ತೂತು ಮಾಡಿ, ಗೋಣಿದಾರ ಪೋಣಿಸಿ, ಹಳೇ ಕ್ಯಾಲೆಂಡರ್ ರಟ್ಟು ಹಾಕಿ ಪುಸ್ತಕ ಮಾಡುತ್ತಿದ್ದರು. ಪುಟದ ಹಿಂದೆ ಅರ್ಧ ಅಡುಗೆ ವಿಧಾನ, ಅರ್ಧ ವಾರ ಭವಿಷ್ಯ. ಒಂದು ಕಾದಂಬರಿಯಲ್ಲಿ ನಡುವಿನ ಒಂದು ಕಂತು ಪಕ್ಕದ ಮನೆಯವರು ಒಯ್ದವರು ತಂದುಕೊಡಲೇ ಇಲ್ಲ. ಹಿಂದಿನ ಕಂತಿನಲ್ಲಿ ನಾಯಕಿ ಗಂಡನ ಜೊತೆ ಮಾತು ಬಿಟ್ಟಿದ್ದಾಳೆ, ಮುಂದಿನದರಲ್ಲಿ ಇಬ್ಬರೂ ಊಟಿಯಲ್ಲಿದ್ದಾರೆ. ನಡುವೆ ಏನಾಯಿತು ಅಂತ ನಾನು, ಅಕ್ಕ, ಅಮ್ಮ ಮೂವರೂ ಬೇರೆ ಬೇರೆ ಕತೆ ಕಟ್ಟಿಕೊಂಡಿದ್ದೆವು. ಆ ಪುಸ್ತಕ ಈಗ ಪೂರ್ತಿಯಾಗಿ ಅಂಗಡಿಯಲ್ಲಿ ಸಿಗುತ್ತದೆ. ಬೇಕಂತಲೇ ಕೊಂಡಿಲ್ಲ.

ವಿಷಯಕ್ಕೆ ಬರುತ್ತೇನೆ. ತ್ರಿವೇಣಿ. 'ಶರಪಂಜರ' ಎಲ್ಲರಿಗೂ ಪುಟ್ಟಣ್ಣನವರ ಸಿನಿಮಾದಿಂದ ಗೊತ್ತು, ಕಲ್ಪನಾ ಗೊತ್ತು. ಹೆರಿಗೆಯ ನಂತರ ಮನಸ್ಸು ಕದಡಿದ ಹೆಂಗಸಿನ ಕತೆ. ಹುಷಾರಾಗಿ ಬಂದರೂ ಮನೆಯವರ ಕಣ್ಣಿನಲ್ಲಿ ಅವಳು ಹುಚ್ಚಿಯೇ. ಮನಶ್ಶಾಸ್ತ್ರ ಓದಿದವರು ತ್ರಿವೇಣಿ. ಹಾಗಾಗಿ ಬರೆದರು ಅಂದುಕೊಳ್ಳುತ್ತೇವೆ. ಆದರೆ ಅವರು ಆಸ್ತಮಾದಿಂದ ನರಳಿದವರು. 1963ರಲ್ಲಿ ಮಗಳು ಹುಟ್ಟಿ ಹತ್ತು ದಿನಕ್ಕೆ ತೀರಿಕೊಂಡರು. ವಯಸ್ಸು 34. ಅಷ್ಟರಲ್ಲಿ ಸುಮಾರು ಇಪ್ಪತ್ತು ಕಾದಂಬರಿ.

ಇದನ್ನು ತಿಳಿದ ಮೇಲೆ ಶರಪಂಜರ ಓದಿದರೆ ನನಗೆ ಕನಿಕರ ಬರಲಿಲ್ಲ ನಿರ್ಮೋಹಿಯವರೇ, ಸಿಟ್ಟು ಬಂತು. ಬಾಣಂತಿ ಕೋಣೆಯ ಒಳಗೆ ಏನಾಗುತ್ತದೆ ಅಂತ ಬರೆದ ಹೆಂಗಸು ಆ ಕೋಣೆಯಿಂದ ಆಚೆ ಬರಲಿಲ್ಲ. ಅವರನ್ನು 'ಮಹಿಳಾ ಕಾದಂಬರಿಕಾರ್ತಿ' ಅಂತ ಒಂದು ಡಬ್ಬಿಗೆ ಹಾಕಿ, ಅಡುಗೆಮನೆ ಸಾಹಿತ್ಯ ಅಂತ ಪಕ್ಕಕ್ಕೆ ಸರಿಸಿದವರ ಮೇಲೆ ಇನ್ನೂ ಸಿಟ್ಟು.

ಎಂ.ಕೆ. ಇಂದಿರಾ ಹೆಸರನ್ನೂ ಇಲ್ಲೇ ಹೇಳಬೇಕು. ಚಿಕ್ಕ ವಯಸ್ಸಿನಲ್ಲೇ ಮದುವೆ, ಶಾಲೆ ಅರ್ಧಕ್ಕೇ ಬಿಟ್ಟರು. ಮಂಡ್ಯದಲ್ಲಿದ್ದಾಗ ತ್ರಿವೇಣಿಯವರ ಸ್ನೇಹ ಆಯಿತು. ಮೊದಲ ಕಾದಂಬರಿ 'ತುಂಗಭದ್ರ' ಬಂದದ್ದು 1963ರಲ್ಲಿ, ನಲವತ್ತೈದು ದಾಟಿದ ಮೇಲೆ. 'ಫಣಿಯಮ್ಮ' ಅವರ ಮನೆತನದಲ್ಲೇ ಬಾಳಿದ ಬಾಲವಿಧವೆಯ ಬದುಕು, ತಾಯಿಯ ಬಾಯಿಂದ ಕೇಳಿದ್ದು. ಐವತ್ತರ ಆಸುಪಾಸಿನಲ್ಲಿರುವ ನಮ್ಮಂಥವರಿಗೆ ಇದು ಸಣ್ಣ ಸುದ್ದಿ ಅಲ್ಲ ಕಣ್ರಪ್ಪಾ.

ಕಾಫಿತೋಟ

ಅಕ್ಕ, ಆ ಧಾರಾವಾಹಿ ಯಾವುದು ಹೇಳಿ, ನಾನು ಓದಿದ್ದೇನಾ ನೋಡೋಣ. ಊಟಿ ಅಂದರೆ ಹತ್ತಾರು ಇವೆ.

ಚಾಮುಂಡಿಪುರಂ ಅಕ್ಕ

ಹೇಳಲ್ಲ. ನೀವು ಕತೆ ಹೇಳಿಬಿಡುತ್ತೀರಿ.

ಹೊಸ ಓದುಗ್ತಿ

ಎಲ್ಲರಿಗೂ ನಮಸ್ಕಾರ. ನಾನು ಇಂಗ್ಲಿಷ್ ಮೀಡಿಯಂ. ಕನ್ನಡ ಓದಲು ಶುರು ಮಾಡಿ ಜಾಸ್ತಿ ದಿನ ಆಗಿಲ್ಲ, 'ಕರ್ವಾಲೊ'ದಿಂದ ಶುರು ಮಾಡಿದೆ. ಲೈಬ್ರರಿಯಿಂದ ತಂದ ಪ್ರತಿಯ ಅಂಚಿನಲ್ಲಿ ಯಾರೋ ಪೆನ್ಸಿಲ್‌ನಲ್ಲಿ 'ಓತಿ ಸಿಗಲ್ಲ' ಅಂತ ಕತೆಯ ಕೊನೆಯನ್ನೇ ಬರೆದಿದ್ದರು. ಆ ಮಹಾನುಭಾವರು ಇಲ್ಲಿದ್ದರೆ ದಯವಿಟ್ಟು ಕೈ ಎತ್ತಿ.

ನನ್ನ ಪ್ರಶ್ನೆ: ತೇಜಸ್ವಿಯವರ ಪುಸ್ತಕದಲ್ಲಿ 'ನಾನು' ಅಂತ ಬರುವುದು ಅವರೇನಾ?

ಕಾಫಿತೋಟ

ತಂಗೀ, ಮೂಡಿಗೆರೆ ಕಡೆಯವರಿಗೆ ಇದು ದಿನಾ ಬರುವ ಪ್ರಶ್ನೆ. 'ಕರ್ವಾಲೊ'ದ ಮಂದಣ್ಣ ಯಾರು, ಅವನ ಮನೆ ಎಲ್ಲಿ ಅಂತ ಕೇಳುವವರು ಈಗಲೂ ಇದ್ದಾರೆ.

ಆ 'ನಾನು' ಅವರೇ, ಅವರಲ್ಲ. ತೋಟ ನಿಜ, ತೋಟದ ತಾಪತ್ರಯ ನಿಜ. ನಮ್ಮ ಕಡೆ ತೋಟ ಮಾಡಿದವರಿಗೆ ಕರ್ವಾಲೊ ಶುರುವಿನ ಗೋಳು ಓದಿದರೆ ಇದು ನಮ್ಮನೆ ಲೆಕ್ಕದ ಪುಸ್ತಕ ಅನ್ನಿಸುತ್ತದೆ. ಆಳು ಸಿಗಲ್ಲ, ಬೆಳೆ ಕೈಗೆ ಹತ್ತಲ್ಲ, ತೋಟ ಮಾರಿ ಹೋಗೋಣ ಅನ್ನಿಸುತ್ತದೆ. ಆ ಬೇಜಾರು ಗಟ್ಟಿ ಇರುವುದರಿಂದಲೇ ಕೊನೆಗೆ ಕಾಡಿನೊಳಗೆ ಹೋಗುವ ಹುಚ್ಚು ನಂಬುವ ಹಾಗಾಗುತ್ತದೆ. ಯುನಿವರ್ಸಿಟಿ ಕೆಲಸ ಹಿಡಿದು ಮೈಸೂರಿನಲ್ಲಿ ಕೂತಿದ್ದರೆ ಅಪ್ಪ ಕುವೆಂಪು ಅವರ ಹೆಸರಿಗೆ ಬಾಗಿಲು ತೆರೆಯುತ್ತಿದ್ದವು. ಆ ಮನುಷ್ಯ ಮೂಡಿಗೆರೆಗೆ ಬಂದು ತೋಟ ಮಾಡಿದರು, ಗಾಳ ಹಾಕಿದರು, ಹಕ್ಕಿ ಫೋಟೋ ತೆಗೆದರು, 'ಪುಸ್ತಕ ಪ್ರಕಾಶನ' ಅಂತ ಮಾಡಿಕೊಂಡು ತಮ್ಮ ಪುಸ್ತಕ ತಾವೇ ಹೊರತಂದರು.

ಅವರನ್ನು ತಿಳಿಯಬೇಕು ಅಂದರೆ ಎರಡು ಪುಸ್ತಕ. ಒಂದು ಅವರೇ ಬರೆದ 'ಅಣ್ಣನ ನೆನಪು'. ಅದು ಕುವೆಂಪು ಬಗ್ಗೆ ಅಂತ ಹೇಳುತ್ತದೆ, ಓದಿದರೆ ಅರ್ಧ ಇವರ ತುಂಟತನವೇ. ರಾಷ್ಟ್ರಕವಿಯನ್ನು ಮನೆಯ ಜಗಲಿ ಮೇಲಿಂದ ನೋಡಿದ ಪುಸ್ತಕ ಇನ್ನೊಂದು ಇಲ್ಲ. ಎರಡನೆಯದು ರಾಜೇಶ್ವರಿ ತೇಜಸ್ವಿಯವರ 'ನನ್ನ ತೇಜಸ್ವಿ'. 1966ರಲ್ಲಿ ಮಂತ್ರ ಮಾಂಗಲ್ಯದಲ್ಲಿ ಮದುವೆಯಾಗಿ ತೋಟಕ್ಕೆ ಬಂದವರು ಅವರು. ಮಳೆ, ಹಾವು, ಜಿಗಣೆ, ಊಟದ ಹೊತ್ತಿಗೆ ಹೇಳದೆ ಬರುವ ಸ್ನೇಹಿತರು. ಗಂಡ ಗಾಳ ಹಿಡಿದು ಹೊಳೆ ದಂಡೆಯಲ್ಲಿ ಕೂತಾಗ ಮನೆ ನಡೆಸಿದವರು ಯಾರು ಅಂತ ಆ ಪುಸ್ತಕ ಓದಿದರೆ ಗೊತ್ತಾಗುತ್ತದೆ.

ಚಾಮುಂಡಿಪುರಂ ಅಕ್ಕ

ಸರಿಯಾಗಿ ಹೇಳಿದಿರಿ. ಲೇಖಕರ ಬದುಕು ಬೇಕಾದರೆ ಹೆಂಡತಿಯರ ಪುಸ್ತಕ ಓದಿ ಅನ್ನುವುದು ನನ್ನ ಸಿದ್ಧಾಂತ. ಲಂಕೇಶರ ಆತ್ಮಕಥೆ 'ಹುಳಿಮಾವಿನ ಮರ' ಓದಿದ ಮೇಲೆ ಇಂದಿರಾ ಲಂಕೇಶರ 'ಹುಳಿಮಾವು ಮತ್ತು ನಾನು' ಓದಲೇಬೇಕು. ಅದೇ ಮನೆ, ಅದೇ ವರ್ಷಗಳು, ಕತೆ ಬೇರೆ. ಸೀರೆ ವ್ಯಾಪಾರ ಮಾಡಿ ಸಂಸಾರ ನಿಭಾಯಿಸಿದ ಹೆಂಗಸು ಬೈಯುವುದಿಲ್ಲ, ಹೊಗಳುವುದೂ ಇಲ್ಲ, ಆದದ್ದನ್ನು ಹೇಳುತ್ತಾ ಹೋಗುತ್ತಾರೆ. ಗಂಡ ಎರಡು ಸಾಲಿನಲ್ಲಿ ದಾಟಿಸಿದ್ದು ಹೆಂಡತಿಯ ಪುಸ್ತಕದಲ್ಲಿ ಅಧ್ಯಾಯ.

ನಿರ್ಮೋಹಿ

ಅಕ್ಕನ ಸಿದ್ಧಾಂತಕ್ಕೆ ನನ್ನ ವಿರೋಧ ಇಲ್ಲ. ಅದು ಲೇಖಕರ ಬದುಕು ಅನ್ನುವುದಕ್ಕಿಂತ ಸ್ವತಂತ್ರವಾದ ಒಳ್ಳೆಯ ಪುಸ್ತಕ. ಇಂದಿರಾ ಲಂಕೇಶ್ ಒಬ್ಬ ದರ್ಜಿಯನ್ನು ಮದುವೆಯಾಗಿದ್ದರೂ ಆ ಪುಸ್ತಕ ಓದುತ್ತಿದ್ದೆ.

ಅಟ್ಟದ ಮಂದಿ

ನಿರ್ಮೋಹಿ ಅವರು ನಿಧಾನಕ್ಕ ನಮ್ಮ ಕಡೆ ಬರಾಕತ್ಯಾರ.

ಬದುಕು ಅಂದರೆ ಬರೀ ಮನೆ, ಸಂಸಾರ ಅಲ್ಲರೀ. ಪುಸ್ತಕ ಹೇಗೆ ಹುಟ್ಟುತ್ತಿತ್ತು, ಯಾರು ದುಡ್ಡು ಹಾಕುತ್ತಿದ್ದರು, ಅದೂ ಲೇಖಕರ ಬದುಕೇ. ನಮ್ಮ ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾಯಿತು. ಸುಭಾಷ್ ರಸ್ತೆಯ ಅಟ್ಟ ಅಂದರೆ ಎಲ್ಲರಿಗೂ ಗೊತ್ತು. ನಡೆಸಿದವರು ಜಿ.ಬಿ. ಜೋಶಿ, ನಾಟಕ ಬರೆಯುವಾಗ 'ಜಡಭರತ'. ವರ್ಷದ ಚಂದಾ ಕೊಟ್ಟವರಿಗೆ ಪುಸ್ತಕ ಮನೆಗೆ ಬರುತ್ತಿತ್ತು. ನಮ್ಮ ಅಜ್ಜ ಚಂದಾದಾರರು. ಯಾವ ಪುಸ್ತಕ ಬರುತ್ತದೆ ಅಂತ ಆರಿಸುವ ಮಾತೇ ಇಲ್ಲ. ಬಂದದ್ದನ್ನು ಓದುವುದು. ಇಷ್ಟ ಆಗದಿದ್ದರೆ ಅಟ್ಟ ಹತ್ತಿ ಹೋಗಿ ಜಗಳ ಆಡಿ, ಚಾ ಕುಡಿದು ಬರುವುದು. ಹೆಸರೇ ಕೇಳದ ಹುಡುಗನ 'ಯಯಾತಿ' ನಾಟಕ 1961ರಲ್ಲಿ ಹಾಗೇ ನಮ್ಮ ಮನೆಗೆ ಬಂತು. ಬರೆದ ಗಿರೀಶ ಕಾರ್ನಾಡರಿಗೆ ಆಗ 23.

ಕಾರ್ನಾಡರ ಆತ್ಮಕಥೆ 'ಆಡಾಡತ ಆಯುಷ್ಯ' ಯಾರು ಯಾರು ಓದಿದ್ದೀರಿ? ಅದರ ಅರ್ಪಣೆ ನೋಡಿ. ತಾಯಿ ಇವರನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಾಗ ಇನ್ನೊಂದು ಮಗು ಬೇಡ ಅಂತ ಪುಣೆಯ ಡಾಕ್ಟರ್ ಹತ್ತಿರ ಹೋಗಿದ್ದರಂತೆ. ಡಾಕ್ಟರ್ ಬರಲೇ ಇಲ್ಲ, ಕಾದು ವಾಪಸ್ ಬಂದರು. ಆ ಬಾರದೇ ಇದ್ದ ಡಾಕ್ಟರ್ ನೆನಪಿಗೆ ಪುಸ್ತಕ ಅರ್ಪಣೆ! ಅಪ್ಪ ಅಮ್ಮ, ಗುರುಗಳು, ಇಷ್ಟದೇವರು ಬಿಟ್ಟು ಹೀಗೊಂದು ಅರ್ಪಣೆ ನಾನೆಲ್ಲೂ ಕಂಡಿಲ್ಲ. ತಾನು ಹುಟ್ಟದೇ ಇರಬಹುದಿತ್ತು ಅನ್ನುವುದನ್ನು ಹೀಗೆ ನಗುತ್ತಾ ಹೇಳುವವನು, ಒಂದು ದೇಹಕ್ಕೆ ಇನ್ನೊಂದು ತಲೆ ಕೂಡಿಸುವ 'ಹಯವದನ' ಬರೆದದ್ದು ಎಷ್ಟು ಸರಿ ಅನ್ನಿಸಿತು.

ಕರಾವಳಿ ಕಾಗದ

ದುಡ್ಡಿನ ಮಾತು ಬಂತಲ್ಲ, ನಮ್ಮ ಶಿವರಾಮ ಕಾರಂತಜ್ಜನ ಹೆಸರು ಬಾರದೆ ಹೇಗೆ? 1921ರ ಅಸಹಕಾರದ ಹೊತ್ತಿಗೆ ಕಾಲೇಜು ಬಿಟ್ಟವರು ಆಮೇಲೆ ಸಂಬಳದ ಸೀಟಿನಲ್ಲಿ ಕೂತ ಜನ ಅಲ್ಲ. 'ವಸಂತ' ಪತ್ರಿಕೆ, ನಾಟಕ, ಫೋಟೋಗ್ರಫಿ, ಮೂಕಿ ಚಿತ್ರ, ಪುತ್ತೂರಿನ ಬಾಲವನ, ಅಲ್ಲೇ ಮುದ್ರಣಾಲಯ. ಒಂದು ಕೈ ಸುಟ್ಟುಕೊಂಡರೆ ಇನ್ನೊಂದು ಕೈ ಹಾಕುವುದು. 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಅಂತ ಆತ್ಮಕಥೆಗೆ ಸುಮ್ಮನೆ ಹೆಸರಿಟ್ಟದ್ದಲ್ಲ.

ನನಗೆ ಅವರ ಕಾದಂಬರಿಗಿಂತ ಮೊದಲು ಸಿಕ್ಕಿದ್ದು 'ಬಾಲಪ್ರಪಂಚ'. ಮೂರು ಸಂಪುಟ, 1936ರದ್ದು. ನಮ್ಮ ದೊಡ್ಡಪ್ಪನ ಮನೆಯಲ್ಲಿ ಇತ್ತು, ಗೆದ್ದಲು ಒಂದು ಮೂಲೆ ತಿಂದಿತ್ತು. ಒಂದು ಭಾಷೆಯ ಮಕ್ಕಳಿಗೆ ವಿಶ್ವಕೋಶ ಬೇಕು, ಸರಿ, ಒಬ್ಬನೇ ಬರೆಯುತ್ತೇನೆ ಅಂತ ಕೂರುವುದು ಎಂಥ ಧೈರ್ಯ! ಆಮೇಲೆ ದೊಡ್ಡವರಿಗೆ ನಾಲ್ಕು ಸಂಪುಟ 'ವಿಜ್ಞಾನ ಪ್ರಪಂಚ'. ತುರ್ತು ಪರಿಸ್ಥಿತಿಯಲ್ಲಿ ಪದ್ಮಭೂಷಣ ವಾಪಸ್. 1989ರಲ್ಲಿ, 87ನೇ ವಯಸ್ಸಿಗೆ, ಪರಿಸರದ ಹೆಸರಲ್ಲಿ ಲೋಕಸಭೆಗೆ ನಿಂತು ಸೋತರು.

ಈ ಜೀವನ ತಿಳಿದು 'ಬೆಟ್ಟದ ಜೀವ' ಓದಿ. ಕಾಡಿನ ನಡುವೆ ತೋಟ ಮಾಡಿ, ಆನೆ ಹುಲಿಗಳ ಜೊತೆ ಹೋರಾಡಿ, ಬಂದವರಿಗೆಲ್ಲ ಎಣ್ಣೆ ಸ್ನಾನ ಮಾಡಿಸಿ ಊಟ ಹಾಕುವ ಗೋಪಾಲಯ್ಯ. ನನಗೆ ಪ್ರತಿ ಸಲ ಅದು ಬಾಲವನದ ಮುದುಕರೇ ಅನ್ನಿಸುತ್ತದೆ. ನಿರ್ಮೋಹಿಯವರು ಬೈದರೂ ಸರಿ.

ನಿರ್ಮೋಹಿ

ಬೈಯಲ್ಲ. ಆದರೆ ಕಾರಂತರು 'ಬೆಟ್ಟದ ಜೀವ' ಬರೆದಾಗ ಮುದುಕರಲ್ಲ, ನಲವತ್ತರ ಆಸುಪಾಸು. ಗೋಪಾಲಯ್ಯನ ಮುಪ್ಪು, ಊರು ಬಿಟ್ಟು ಹೋದ ಮಗನ ನೋವು, ಇದನ್ನೆಲ್ಲ ಆ ವಯಸ್ಸಿನಲ್ಲಿ ಕಟ್ಟಿದರಲ್ಲ, ಅದು ಬದುಕಿನಿಂದ ಬಂದದ್ದಲ್ಲ, ಕಲ್ಪನೆಯಿಂದ ಬಂದದ್ದು. ನೀವು ಆಮೇಲಿನ ಕಾರಂತರನ್ನು ಮುಂಚಿನ ಪುಸ್ತಕದೊಳಗೆ ಕೂರಿಸುತ್ತಿದ್ದೀರಿ. ಇದೇ ನನ್ನ ತಕರಾರು.

ಕರಾವಳಿ ಕಾಗದ

ಇದಕ್ಕೆ ಉತ್ತರ ಇಲ್ಲ ಮಾರಾಯ್ರೆ. ಆದರೂ ನನಗೆ ಹಾಗೇ ಕಾಣುತ್ತದೆ, ಏನು ಮಾಡುವುದು?

ಮಂಚದ ಕೆಳಗೆ

ಇಷ್ಟು ಹೊತ್ತು ಓದುತ್ತಾ ಇದ್ದೆ. ನೀವೆಲ್ಲ ದೊಡ್ಡವರ ಬದುಕು ಹೇಳಿದಿರಿ. ನಮ್ಮ ಚಿಕ್ಕಪ್ಪ ಒಬ್ಬ ಸಣ್ಣ ಲೇಖಕ. ಹೈಸ್ಕೂಲ್ ಮೇಷ್ಟ್ರು. ಎರಡು ಕಥಾ ಸಂಕಲನ, ಒಂದು ಕಾದಂಬರಿ. ಒಂದು ಪುಸ್ತಕಕ್ಕೆ ಪ್ರಕಾಶಕರು ರಾಯಧನದ ಬದಲು ಪುಸ್ತಕವನ್ನೇ ಕೊಟ್ಟರು, ಇನ್ನೊಂದಕ್ಕೆ ತಾನೇ ಸಾಲ ಮಾಡಿ ಸಾವಿರ ಪ್ರತಿ ಹಾಕಿಸಿದ. ಬಂಡಲ್‌ಗಳು ಮಂಚದ ಕೆಳಗೆ. ಚಿಕ್ಕಮ್ಮ ಕಸ ಗುಡಿಸುವಾಗ ದಿನಾ 'ನಿಮ್ಮ ಸಾಹಿತ್ಯ ಸ್ವಲ್ಪ ಸರಿಸಿ' ಅನ್ನುತ್ತಿದ್ದರು. ಲೈಬ್ರರಿಯವರ ಸಗಟು ಖರೀದಿಗೆ ಅರ್ಜಿ ಹಾಕಿ ಕಾದದ್ದೇ ಬಂತು. ಮದುವೆ ಮುಂಜಿಗೆಲ್ಲ ಉಡುಗೊರೆ ಅಂದರೆ ಚಿಕ್ಕಪ್ಪನ ಪುಸ್ತಕವೇ. ಕವರ್ ನೋಡಿದ ಕೂಡಲೇ ಜನರ ಮುಖ ಸಪ್ಪಗಾಗುತ್ತಿತ್ತು, ನಾನೇ ನೋಡಿದ್ದೇನೆ.

ಅವನು ಓದುತ್ತಿದ್ದ ರೀತಿ ಮಾತ್ರ ನನಗೆ ತುಂಬಾ ಇಷ್ಟ. ರಾತ್ರಿ ಊಟ ಆದ ಮೇಲೆ ಮಾಸ್ತಿಯವರ ಒಂದು ಕತೆ ನಮಗೆ ಓದಿ ಹೇಳುತ್ತಿದ್ದ. ನಡುವೆ ನಿಲ್ಲಿಸಿ 'ಇಲ್ಲಿ ನಾನಾಗಿದ್ದರೆ ಅವಳನ್ನು ಅಳಿಸುತ್ತಿದ್ದೆ, ಮಾಸ್ತಿ ಅಳಿಸಲಿಲ್ಲ ನೋಡು' ಅನ್ನುತ್ತಿದ್ದ. ಸರ್ಕಾರಿ ಅಧಿಕಾರಿಯಾಗಿ ಊರೂರು ತಿರುಗಿದವರು ಮಾಸ್ತಿ, ಅದಕ್ಕೇ ಅವರ ಕತೆಗಳು ಯಾರೋ ಹೇಳಿದ್ದನ್ನು ನಿಮಗೆ ಹೇಳುತ್ತಿದ್ದೇನೆ ಅನ್ನುವ ಹಾಗೆ ಶುರುವಾಗುತ್ತವೆ ಅಂತ ವಿವರಿಸುತ್ತಿದ್ದ. ಬಡ್ತಿ ತಪ್ಪಿತು ಅಂತ 1943ರಲ್ಲಿ ನೌಕರಿ ಬಿಟ್ಟು ಬಂದದ್ದನ್ನು ಹೇಳುವಾಗ ಅವನ ದನಿ ಏರುತ್ತಿತ್ತು. ಅವನಿಗೂ ಬಿಡಬೇಕು ಅಂತ ಇತ್ತು, ಬಿಡಲು ಆಗಲಿಲ್ಲ. ಬಿಟ್ಟಿದ್ದರೆ ಚಿಕ್ಕಮ್ಮ ಬಿಡುತ್ತಿರಲಿಲ್ಲ.

ಬರೆದು ಮಾತ್ರ ಬದುಕಿದವರು ಕನ್ನಡದಲ್ಲಿ ಎಷ್ಟು ಜನ ಅಂತ ಬೆರಳು ಮಡಚಿ ನೋಡಿ. ಅ.ನ.ಕೃ. ಅಂಥವರು. ನೂರಕ್ಕೂ ಹೆಚ್ಚು ಕಾದಂಬರಿ. ಇಷ್ಟೊಂದು ಯಾಕೆ ಬರೆದರು, ಕಮ್ಮಿ ಬರೆದು ಚೆನ್ನಾಗಿ ಬರೆಯಬಹುದಿತ್ತು ಅನ್ನುವವರು ಸಂಬಳ ಬರುವವರು.

ಹಳೇ ಪುಟ

ಕೊನೇ ಸಾಲಿಗೆ ದೊಡ್ಡ ನಮಸ್ಕಾರ. ಅ.ನ.ಕೃ. ಬಗ್ಗೆ ಒಂದು ಸಣ್ಣ ಸೇರ್ಪಡೆ. ಬೀಚಿಯವರಿಗೆ ಒಂದು ಕಾಲದಲ್ಲಿ ಕನ್ನಡ ಅಂದರೆ ತಾತ್ಸಾರ. ಅವರನ್ನು ಕನ್ನಡಕ್ಕೆ ಎಳೆದು ತಂದದ್ದು ಅ.ನ.ಕೃ. ಕಾದಂಬರಿ 'ಸಂಧ್ಯಾರಾಗ'. ಆಮೇಲೆ ಅ.ನ.ಕೃ. ಅವರನ್ನೇ ಗುರು ಅಂದರು. ಒಂದು ಪುಸ್ತಕ ಇಷ್ಟು ಮಾಡಿದರೆ ಉಳಿದ ತೊಂಬತ್ತೊಂಬತ್ತು ಹೇಗಿದ್ದರೂ ಪರವಾಗಿಲ್ಲ ಬಿಡಿ.

ಮತ್ತೆ, ಚಿಕ್ಕಪ್ಪನ ಪುಸ್ತಕ ಇನ್ನೂ ಮಂಚದ ಕೆಳಗಿದ್ದರೆ ನನಗೆರಡು ಪ್ರತಿ. ದುಡ್ಡು ಕೊಟ್ಟೇ ತಗೊಳ್ಳುತ್ತೇನೆ.

ಮಂಚದ ಕೆಳಗೆ

ಎರಡಲ್ಲ ಸರ್, ಇಪ್ಪತ್ತು ಕಳಿಸುತ್ತೇನೆ. ಚಿಕ್ಕಮ್ಮನಿಗೆ ಖುಷಿಯಾಗುತ್ತದೆ.

ಹೊಸ ಓದುಗ್ತಿ

ಸರಿ, ನನಗೆ ಒಂದು ಆತ್ಮಕಥೆ ಹೇಳಿ. ಒಂದೇ. ಪಟ್ಟಿ ಕೊಟ್ಟರೆ ಗಾಬರಿ ಆಗುತ್ತದೆ.

ಕಾಫಿತೋಟ

'ಊರುಕೇರಿ'. ಸಿದ್ಧಲಿಂಗಯ್ಯ. ಕಣ್ಣು ಮುಚ್ಚಿ ತಗೋ ತಂಗಿ.

ಶುರುವಿನಲ್ಲೇ ಒಂದು ದೃಶ್ಯ ಬರುತ್ತದೆ. ಹೊಲದಲ್ಲಿ ಇಬ್ಬರು ಮನುಷ್ಯರು ಎತ್ತಿನ ಜಾಗದಲ್ಲಿ ಹೆಗಲು ಕೊಟ್ಟು ನೊಗ ಎಳೆಯುತ್ತಿದ್ದಾರೆ. ನೋಡುತ್ತಿರುವ ಹುಡುಗನಿಗೆ ಮಜಾ. ಆಮೇಲೆ ಗೊತ್ತಾಗುತ್ತದೆ, ಅದರಲ್ಲಿ ಒಬ್ಬರು ಅವನ ಅಪ್ಪ. ಅಷ್ಟೇ ಹೇಳಿ ಮುಂದೆ ಹೋಗುತ್ತಾರೆ. ದನಿ ಏರಿಸುವುದಿಲ್ಲ, ಕಣ್ಣೀರಿಗೆ ಕೈ ಹಾಕುವುದಿಲ್ಲ. ಮುಂದಿನ ಪುಟಗಳಲ್ಲಿ ನಗಿಸುತ್ತಾರೆ. ಸ್ಮಶಾನದಲ್ಲಿ ಕೂತು ಓದುತ್ತಿದ್ದದ್ದು, ಗೋರಿಗಳ ನಡುವೆ ಭಾಷಣ ಅಭ್ಯಾಸ ಮಾಡಿದ್ದು. ನಾನು ಬಸ್ಸಿನಲ್ಲಿ ಓದುತ್ತಾ ಜೋರಾಗಿ ನಕ್ಕು ಪಕ್ಕದವರು ಜಾಗ ಬದಲಿಸಿದ್ದಾರೆ. ಇದನ್ನು ಓದಿ ಆಮೇಲೆ ಅವರ 'ಹೊಲೆಮಾದಿಗರ ಹಾಡು' ತೆಗಿ. ಆ ಪದ್ಯಗಳ ಸಿಟ್ಟು ಬೇರೆ, ಈ ಪುಸ್ತಕದ ನಗು ಬೇರೆ, ಎರಡೂ ಒಬ್ಬರದೇ.

ಅಟ್ಟದ ಮಂದಿ

ಊರುಕೇರಿ ಚಲೋ ಆಯ್ಕೆ. ಆದರೆ ಭೈರಪ್ಪನವರ 'ಭಿತ್ತಿ' ಬಿಡಬಾರದು. ಅವರು 2025ರ ಸೆಪ್ಟೆಂಬರ್‌ನಲ್ಲಿ ಹೋದ ಮೇಲೆ ನಾನು ಮತ್ತೊಮ್ಮೆ ಓದಿದೆ. ಅವರ ವಿಚಾರಗಳ ಬಗ್ಗೆ ನನಗೂ ಜಗಳ ಇದೆ. ಆದರೆ ಆ ಬಾಲ್ಯ! ಪ್ಲೇಗಿನಲ್ಲಿ ಒಡಹುಟ್ಟಿದವರು ಹೋದರು, ತಾಯಿ ಹೋದರು. ಸತ್ತ ತಮ್ಮನ ಹೆಣವನ್ನು ತಾನೇ ಹೆಗಲ ಮೇಲೆ ಹೊತ್ತು ಸ್ಮಶಾನಕ್ಕೆ ಒಯ್ದ ಹುಡುಗ.

ಹೊಸ ಓದುಗ್ತಿ

ಒಂದೇ ಅಂದೆ ಸರ್.

ನಿರ್ಮೋಹಿ

ಭಿತ್ತಿ ಈಗಲೇ ಬೇಡ. ಮೊದಲು ಅವರದೇ ಕಾದಂಬರಿ 'ಗೃಹಭಂಗ' ಓದಿ. ಅದೇ ಸೀಮೆ, ಅದೇ ಪ್ಲೇಗು, ಆದರೆ ಅಲ್ಲಿ ನಂಜಮ್ಮ ಇದ್ದಾಳೆ. ಭಿತ್ತಿ ಮೊದಲು ಓದಿಬಿಟ್ಟರೆ ಪ್ರತಿ ಪುಟದಲ್ಲೂ 'ಇದು ನಿಜವಾಗಿ ಆದದ್ದಾ, ಇದು ಕಟ್ಟಿದ್ದಾ' ಅಂತ ಲೆಕ್ಕ ಹಾಕುತ್ತಾ ಕೂರುತ್ತೀರಿ. ನಂಜಮ್ಮ ಲೇಖಕರ ತಾಯಿಯ ನೆರಳು ಆಗಿಬಿಡುತ್ತಾಳೆ. ಅವಳು ಶ್ಯಾನುಭೋಗಿಕೆ ಲೆಕ್ಕ ಬರೆಯುವುದು, ಮುತ್ತುಗದ ಎಲೆ ತಂದು ಹಚ್ಚುವುದು, ಆ ಅತ್ತೆಯ ಬೈಗುಳ ಕೇಳುವುದು, ಇದನ್ನೆಲ್ಲ ಅವಳದೇ ಬದುಕು ಅಂತ ಮೊದಲು ನಂಬಿ. ಆಮೇಲೆ ಬೇಕಾದರೆ ಭಿತ್ತಿ.

ಚಾಮುಂಡಿಪುರಂ ಅಕ್ಕ

ಆಮೇಲೆ ಭಿತ್ತಿ ಓದಿ ಅಂತ ನಿರ್ಮೋಹಿಯವರೇ ಹೇಳಿದ್ದನ್ನು ಎಲ್ಲರೂ ಗಮನಿಸಿ.

ನಿರ್ಮೋಹಿ

'ಬೇಕಾದರೆ' ಅಂದಿದ್ದೇನೆ ಅಕ್ಕ.

ಹೊಸ ಓದುಗ್ತಿ

ಊರುಕೇರಿ ಆರ್ಡರ್ ಮಾಡಿದೆ. ಗೃಹಭಂಗ ಅಜ್ಜಿ ಮನೆಯಲ್ಲಿ ಇದೆಯಂತೆ, ಆದರೆ ಕೊನೇ ಕೆಲವು ಹಾಳೆ ಇಲ್ಲವಂತೆ. ಯಾರೂ ಏನೂ ಹೇಳಬೇಡಿ, ಹೊಸ ಪ್ರತಿ ತಗೊಳ್ಳುತ್ತೇನೆ.